ತೀರ್ಪಿಲ್ಲದ ಪಂಚಾಯ್ತಿ

ಕೋಲಾರ ಜಿಲ್ಲೆಯ ವಕ್ಕಲೇರಿ ಸುತ್ತಲಿನ ಹಳ್ಳಿಗಳಲ್ಲಿ ಮನೆಯೊಳಗಿನ ಜಗಳ ಹೊಸ್ತಿಲು ದಾಟಿತೆಂದರೆ ಅದು ಹೋಗಿ ನಿಲ್ಲುವ ಜಾಗಗಳು ಎಲ್ಲರಿಗೂ ಗೊತ್ತು. ಮೊದಲು ಹೆಣ್ಣಿನ ತವರು. ಆಮೇಲೆ ಮದುವೆ ಮಾತುಕತೆಗೆ ಕೂತಿದ್ದ ದೊಡ್ಡವರು. ಅಲ್ಲಿಗೂ ಬಗೆಹರಿಯದಿದ್ದರೆ ಅರಳಿಕಟ್ಟೆಯಲ್ಲಿ ನಾಲ್ಕು ಜನರ ಎದುರು ಪಂಚಾಯ್ತಿ, ಕೊನೆಗೆ ಪೊಲೀಸ್ ಸ್ಟೇಷನ್. ಎಲ್ಲ ಕಡೆಯೂ ಕೇಳುವುದು ಒಂದೇ ಪ್ರಶ್ನೆ: ತಪ್ಪು ಯಾರದು? ಅದಕ್ಕೊಂದು ಉತ್ತರ ಸಿಕ್ಕ ಕೂಡಲೇ ಒಬ್ಬರಿಗೆ ಬೈಗುಳ, ಇನ್ನೊಬ್ಬರಿಗೆ ಬುದ್ಧಿಮಾತು. ಬುದ್ಧಿಮಾತು ಬಹುಪಾಲು ಹೆಣ್ಣಿನ ಪಾಲಿಗೆ ಬರುತ್ತದೆ: ‘ಹೊಂದ್ಕೊಂಡು ಹೋಗಮ್ಮ.’

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ. ಉಂಡು ಮಲಗಿದ ಮೇಲೂ ನಿದ್ದೆ ಬಾರದವರು ನನ್ನಂಥ ಆಪ್ತ ಸಮಾಲೋಚಕರ ಹತ್ತಿರ ಬರುತ್ತಾರೆ. ಹಾಗೆ ಬರುವವರ ನಿರೀಕ್ಷೆಯೂ ಮೊದಮೊದಲು ಪಂಚಾಯ್ತಿಯದ್ದೇ. ಓದಿದವರು, ಹೊರಗಿನವರು, ನಡೆದದ್ದನ್ನೆಲ್ಲ ಕೇಳಿ ನ್ಯಾಯ ಹೇಳುತ್ತಾರೆ ಎಂದುಕೊಂಡಿರುತ್ತಾರೆ. ನ್ಯಾಯ ಹೇಳದೆ ಕೂತು ಕೇಳುವುದೇ ನಮ್ಮ ಕೆಲಸ ಎಂದರೆ, ‘ಅಷ್ಟಕ್ಕೆ ಇಷ್ಟು ದೂರ ಬರಬೇಕಿತ್ತಾ?’ ಎಂಬ ಭಾವ ಮುಖದ ಮೇಲೆ ಮೂಡುತ್ತದೆ. ತಪ್ಪು ಯಾರದೆಂಬುದನ್ನು ಅರ್ಧ ಗಂಟೆ ಪಕ್ಕಕ್ಕಿಟ್ಟರೆ ಒಂದು ಮನೆಯಲ್ಲಿ ಏನೇನು ಕಾಣಿಸುತ್ತದೆ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ. ಮುಂದೆ ಬರುವ ಮನೆ ಯಾವುದೋ ಒಂದು ಕುಟುಂಬದ್ದಲ್ಲ. ಹಲವು ಮನೆಗಳ ಸಂಗತಿಗಳನ್ನು ಗುರುತು ಸಿಗದ ಹಾಗೆ ಬೆರೆಸಿದ್ದೇನೆ.

ನೋವು ಮೈಯಿಂದ ಶುರು

‘ನನಗೆ ಮನಸ್ಸಿನ ತೊಂದರೆ ಇದೆ’ ಎನ್ನುತ್ತ ಯಾರೂ ಒಳಗೆ ಬರುವುದಿಲ್ಲ. ಕತ್ತು ಹಿಡಿದುಕೊಂಡಿದೆ, ಎದೆ ಡವಡವ ಅನ್ನುತ್ತೆ, ಕೈಕಾಲಲ್ಲಿ ಶಕ್ತಿಯೇ ಇಲ್ಲ, ರಾತ್ರಿ ಮೂರು ಗಂಟೆಗೇ ಎಚ್ಚರ. ಈ ದೂರುಗಳನ್ನು ಹೊತ್ತು ಮೊದಲು ಊರಿನ ಡಾಕ್ಟರು, ಆಮೇಲೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ಆಮೇಲೆ ಟಮಕದ ದೊಡ್ಡಾಸ್ಪತ್ರೆ. ಇಸಿಜಿ, ರಕ್ತ, ಥೈರಾಯ್ಡ್, ಸ್ಕ್ಯಾನ್ ಎಲ್ಲವೂ ಸರಿಯಾಗಿರುತ್ತವೆ. ಒಳ್ಳೆಯ ಸುದ್ದಿಯೆಂದು ಡಾಕ್ಟರು ‘ಏನೂ ಇಲ್ಲಮ್ಮ’ ಎನ್ನುತ್ತಾರೆ. ಮನೆಗೆ ಬರುವಷ್ಟರಲ್ಲಿ ಆ ಮಾತಿನ ಅರ್ಥವೇ ಬದಲಾಗಿರುತ್ತದೆ. ‘ಏನೂ ಇಲ್ಲವಂತೆ, ಬರೀ ನಾಟಕ’ ಎಂದು ಅತ್ತೆಯೋ ನಾದಿನಿಯೋ ಅಂದರೆ, ಇದ್ದ ನೋವಿನ ಜೊತೆಗೆ ಸುಳ್ಳಿಯೆಂಬ ಹೆಸರೂ ಸೇರಿಕೊಳ್ಳುತ್ತದೆ.

ಮೈ ಸುಳ್ಳು ಹೇಳುತ್ತಿಲ್ಲ. ಭಯವೋ ಅವಮಾನವೋ ತಿಂಗಳುಗಟ್ಟಲೆ ಇಳಿಯದೆ ಉಳಿದರೆ ಸ್ನಾಯು ಬಿಗಿಯುತ್ತದೆ, ಉಸಿರು ಗಿಡ್ಡವಾಗುತ್ತದೆ, ನಿದ್ದೆ ಒಡೆಯುತ್ತದೆ, ಹೊಟ್ಟೆ ಕೆಡುತ್ತದೆ. ಹಾಗಾಗಿ ನಾನು ಮೊದಲು ಮಾತಾಡುವುದು ನಿದ್ದೆಯ ಬಗ್ಗೆ: ಎಷ್ಟು ಹೊತ್ತಿಗೆ ಮಲಗ್ತೀರಿ, ಎದ್ದಾಗ ತಲೆಯಲ್ಲಿ ಮೊದಲು ಬರೋದು ಏನು? ಗಂಡನ ಬಗ್ಗೆ ಕೇಳಿದರೆ ಬಾಯಿ ಬಿಡದವರು ಮೂರು ಗಂಟೆಗೆ ಎದ್ದು ಕೂರುವುದರ ಬಗ್ಗೆ ಧಾರಾಳವಾಗಿ ಹೇಳುತ್ತಾರೆ. ಹೇಳುತ್ತ ಹೇಳುತ್ತ ಎಲ್ಲಿಂದಲೋ ಸಂಘದ ಸಾಲದ ಕಂತು ಬರುತ್ತದೆ, ಟೊಮೆಟೊ ಬರುತ್ತದೆ, ಸೇಲಂಗೋ ಮದನಪಲ್ಲಿಗೋ ಹೋದವನು ಫೋನೆತ್ತಲಿಲ್ಲ ಎಂಬುದು ಬರುತ್ತದೆ. ಅಳು ಬಂದಾಗ ಈ ಸೀಮೆಯ ಎಷ್ಟೋ ಹೆಂಗಸರು ಕನ್ನಡದಿಂದ ತೆಲುಗಿಗೆ ಜಾರುತ್ತಾರೆ. ಆಗ ತಡೆಯದೆ ಅದೇ ಭಾಷೆಯಲ್ಲಿ ಹೂಂಗುಟ್ಟುವುದು ಇಲ್ಲಿ ಕೆಲಸ ಮಾಡುವವರಿಗೆ ಬರಬೇಕು.

ಒಂದೇ ಒಂದು ಸಾಯಂಕಾಲ

ಗಂಡ, ಹೆಂಡತಿ, ಅತ್ತೆ ಮೂವರೂ ಎದುರಿಗೆ ಕೂತ ದಿನ ‘ಏನು ಸಮಸ್ಯೆ?’ ಎಂದು ಕೇಳಿದರೆ ಮದುವೆಯ ದಿನದಿಂದ ಲೆಕ್ಕ ತೆರೆಯುತ್ತದೆ. ಹತ್ತು ವರ್ಷದ ಲೆಕ್ಕವನ್ನು ಯಾವ ಸಮಾಲೋಚಕರೂ ಬಿಡಿಸಲಾರರು. ಅದಕ್ಕೇ ಮೊನ್ನೆ ಸಾಯಂಕಾಲ ಏನಾಯಿತು ಎಂಬುದನ್ನಷ್ಟೇ ಕೇಳುತ್ತೇನೆ. ಎಷ್ಟು ಗಂಟೆಗೆ ಬಂದರು, ಯಾರು ಎಲ್ಲಿದ್ದರು, ಮೊದಲ ಮಾತು ಯಾರದು, ಆಮೇಲೆ?

‘ಕಂತಿಗೆ ದುಡ್ಡು ಕೇಳಿದೆ ಮೇಡಂ,’ ಎಂದರು ಆಕೆ. ‘ನಾಳೆ ಸಂಘದೋರು ಬರ್ತಾರೆ, ಬಾಗಿಲ ಮುಂದೇನೇ ಕೂತ್ಕೋತಾರೆ. ಇವ್ರು ಒಂದು ಮಾತೂ ಆಡ್ದೆ ಗಾಡಿ ತಗೊಂಡು ಹೊರಟೇ ಹೋದ್ರು.’

‘ಮನೆಗೆ ಕಾಲಿಡ್ತಿದ್ದಂಗೆ ದುಡ್ಡು ದುಡ್ಡು ಅಂದ್ರೆ ಏನ್ ಮಾಡ್ಲಿ?’ ಎಂದರು ಗಂಡ. ‘ಬಾಕ್ಸು ಎಂಬತ್ತು ರೂಪಾಯಿಗೆ ಹೋಯ್ತು. ಗಾಡಿ ಬಾಡಿಗೆ, ಕೂಲಿ, ಕಮಿಷನ್ ಕಳೆದ್ರೆ ಕೈಯಲ್ಲೇನೂ ಇಲ್ಲ.’

‘ಅದನ್ನ ಇವರ ಹತ್ರ ಹೇಳಿದ್ರಾ?’

‘ಏನಂತ ಹೇಳೋದು ಮೇಡಂ?’

‘ನಮ್ಮ ಕಾಲದಲ್ಲಿ ಗಂಡಸರನ್ನ ಹಿಂಗೆ ನಿಲ್ಲಿಸ್ಕೊಂಡು ಕೇಳ್ತಿರ್ಲಿಲ್ಲ,’ ಎಂದು ಅತ್ತೆ ಗೋಡೆ ಕಡೆ ತಿರುಗಿದರು.

ಪಂಚಾಯ್ತಿಯಾಗಿದ್ದರೆ ಇಷ್ಟಕ್ಕೇ ತೀರ್ಪು ಸಿದ್ಧ. ಕಟ್ಟೆಯ ಮೇಲೆ ಯಾರ ಕಡೆಯವರು ಹೆಚ್ಚು ಕೂತಿದ್ದಾರೆ ಎಂಬುದರ ಮೇಲೆ ತಪ್ಪು ಒಬ್ಬರ ತಲೆಗೆ ಬೀಳುತ್ತಿತ್ತು. ನಾನು ಒಂದು ಹಾಳೆ ತೆಗೆದುಕೊಂಡು ಆ ಸಾಯಂಕಾಲವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದೆ. ಮಂಡಿಯಲ್ಲಿ ಹರಾಜು ಕೂಗಿದಾಗ ಅವನೊಳಗೆ ಅವಮಾನ. ಅದನ್ನು ಮನೆಯಲ್ಲಿ ಹೇಳಲು ಬಾಯಿಲ್ಲ. ಅವನ ಮೌನ ಆಕೆಗೆ ಅಲಕ್ಷ್ಯವಾಗಿ ಕಾಣುತ್ತದೆ. ಬಾಗಿಲಿಗೆ ಬರುವವರ ಭಯದಲ್ಲಿ ಆಕೆ ದನಿ ಏರಿಸಿ ಕೇಳುತ್ತಾರೆ. ಆ ದನಿ ಅವನಿಗೆ ಹೀಯಾಳಿಕೆಯಾಗಿ ಕೇಳುತ್ತದೆ. ಅವನು ಹೊರಗೆ ಹೋಗುತ್ತಾನೆ. ಕತ್ತಲಾದಂತೆ ಆಕೆಯ ಭಯ ಎರಡರಷ್ಟಾಗುತ್ತದೆ, ನಾಳೆ ಇನ್ನೂ ಬೇಗ, ಇನ್ನೂ ಜೋರಾಗಿ ಕೇಳಬೇಕು ಅನ್ನಿಸುತ್ತದೆ. ಹಾಳೆಯ ಕೊನೆಯ ಸಾಲು ಮತ್ತೆ ಮೊದಲ ಸಾಲಿಗೇ ಹೋಗಿ ಸೇರಿತು. ಯಾರು ಶುರು ಮಾಡಿದ್ದು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಉಳಿಯಲಿಲ್ಲ. ಗಂಡ ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು.

ಕೋಲಾರದ ಟೊಮೆಟೊ ಗೊತ್ತಿದ್ದವರಿಗೆ ಈ ಅವಮಾನದ ಆಳ ಅರ್ಥವಾಗುತ್ತದೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿ ದಾಟಿತ್ತು. ಅದೇ ಬಾಕ್ಸಿಗೆ ಬಿಡಿಸಿದ ಕೂಲಿಯೂ ಗಿಟ್ಟದೆ ರೈತರು ರಸ್ತೆಗೆ ಸುರಿದು ಹೋದ ವರ್ಷಗಳೂ ಇವೆ. ದರ ಬಿದ್ದದ್ದು ತನ್ನ ತಪ್ಪಲ್ಲವೆಂದು ಬುದ್ಧಿಗೆ ತಿಳಿದಿದ್ದರೂ ಬರಿಗೈಯಲ್ಲಿ ಮನೆಗೆ ಬರುವವನಿಗೆ ಹಾಗನ್ನಿಸುವುದಿಲ್ಲ. ಪಕ್ಕದ ಹೊಲದವನಿಗೆ ಒಂದು ವಾರ ಮುಂಚೆ ಒಳ್ಳೆಯ ರೇಟು ಸಿಕ್ಕಿತ್ತೆಂಬುದು ಊರಿಗೆಲ್ಲ ಗೊತ್ತಿರುತ್ತದೆ.

ತವರೂ ಅದೇ, ಅತ್ತೆ ಮನೆಯೂ ಅದೇ

ಈ ಕಡೆಯ ಸಂಬಂಧಗಳಲ್ಲಿ ಇನ್ನೊಂದು ತೊಡಕಿದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆಯ ಮಗನಿಗೆ ಕೊಡುವುದು ಇಲ್ಲಿ ಹೊಸದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆದವು. ಸೋದರಮಾವನನ್ನೇ ಮದುವೆಯಾದವಳಿಗೆ ಅತ್ತೆಯೆಂದರೆ ತನ್ನ ತಾಯಿಯ ತಾಯಿ. ಗಂಡನ ಮೇಲೆ ತಾಯಿಗೆ ದೂರು ಹೇಳಿದರೆ, ಆ ತಾಯಿಗೆ ಅದು ತಮ್ಮನ ಮೇಲಿನ ದೂರು. ಒಂದು ಮನೆಯ ಜಗಳ ಎರಡು ಮನೆಗಳ ಬೀಗತನವನ್ನೂ ಜಮೀನಿನ ಲೆಕ್ಕವನ್ನೂ ಅಲುಗಿಸುತ್ತದೆ. ಆದ್ದರಿಂದ ಹೆಣ್ಣು ಬಾಯಿ ಮುಚ್ಚಿಕೊಳ್ಳುತ್ತಾಳೆ, ಮೈ ಮಾತಾಡಲು ಶುರು ಮಾಡುತ್ತದೆ.

ಇಂಥ ಕಡೆ ‘ನಿಮ್ಮ ಬದುಕು ನಿಮ್ಮದು, ನಿಮಗೆ ಬೇಕಾದ್ದು ಮಾಡಿ’ ಎಂಬ ಪಟ್ಟಣದ ಸಲಹೆ ಹೊಂದುವುದಿಲ್ಲ. ‘ಹೊಂದ್ಕೊಂಡು ಹೋಗಿ’ ಎಂಬ ಊರ ಸಲಹೆ ಇನ್ನೂ ಕೆಟ್ಟದ್ದು. ಬೆಂಗಳೂರಿನಲ್ಲಿ, ಆಗಿನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎನ್ನಿಸಿಕೊಂಡಿದ್ದ ಈಗಿನ ನಿಮ್ಹಾನ್ಸ್‌ನಲ್ಲಿ, ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ 1964ರಲ್ಲೇ ಈ ಬಗ್ಗೆ ಬರೆದರು. ನಮ್ಮ ಜನ ತಮ್ಮೊಳಗನ್ನು ಅಗೆದು ನೋಡುವುದಕ್ಕಿಂತ ಎದುರಿಗಿರುವ ಕಷ್ಟದಲ್ಲಿ ಆಸರೆಯಾಗುವ ಹಿರಿಯರೊಬ್ಬರನ್ನು ವೈದ್ಯರಲ್ಲಿ ಹುಡುಕುತ್ತಾರೆ ಎಂಬುದು ಅವರ ಅನುಭವದ ಸಾರ. ಅದಕ್ಕೂ ಮುಂಚೆ, 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಬಯಲಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡಿದ್ದರು. ಮನೆಯವರನ್ನು ಹೊರಗಿಟ್ಟು ಚಿಕಿತ್ಸೆ ಮಾಡುವುದೇ ಪದ್ಧತಿಯಾಗಿದ್ದ ಕಾಲ ಅದು. ಆಮೇಲೆ ನಿಮ್ಹಾನ್ಸ್‌ನಲ್ಲಿ ಕುಟುಂಬಕ್ಕೆಂದೇ ಪ್ರತ್ಯೇಕ ಮನಶ್ಚಿಕಿತ್ಸಾ ಕೇಂದ್ರ ಬಂತು. ಮೂವರನ್ನು ಒಟ್ಟಿಗೆ ಕೂರಿಸಿ ಒಂದು ಸಾಯಂಕಾಲದ ಲೆಕ್ಕ ಕೇಳುವ ನಮ್ಮ ರೀತಿಗೆ ಇಂಥದ್ದೊಂದು ಹಿನ್ನೆಲೆಯಿದೆ.

ಮನೆಯ ಮಾತು ಎಷ್ಟು ಮುಖ್ಯ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಂಡು ಮನೆಗೆ ಮರಳಿದವರನ್ನು ಗಮನಿಸಿದರು. ಸದಾ ಕೊಂಕು, ಮೂದಲಿಕೆ, ಹಗೆ ತುಂಬಿದ ಮನೆಗಳಿಗೆ ಹೋದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಗಿತ್ತು. 1980ರ ದಶಕದಲ್ಲಿ ಅದೇ ಅಳತೆಯನ್ನು ಚಂಡೀಗಢದಲ್ಲಿ ಹಾಕಿದಾಗ, ಲಂಡನ್ನಿಗಿಂತ ಇಲ್ಲಿನ ಮನೆಗಳಲ್ಲಿ ಕೊಂಕು ಕಡಿಮೆ ಕಂಡಿತು. ನಮ್ಮ ಕೂಡುಕುಟುಂಬಕ್ಕೆ ತಡೆದುಕೊಳ್ಳುವ ಶಕ್ತಿಯಿದೆ. ಆದರೆ ಅದರ ಖರ್ಚು ಮನೆಯ ಯಾರ ಮೇಲೆ ಬೀಳುತ್ತಿದೆ ಎಂದು ಪ್ರತಿ ಮನೆಯಲ್ಲೂ ಕೇಳಲೇಬೇಕು.

ಮನಸ್ಸು ಬರುವ ತನಕ ಕಾಯಬೇಡಿ

ಸಂಬಂಧ ಸರಿಹೋಗುವುದಕ್ಕೆ ಕಾಲ ಬೇಕು. ಅಲ್ಲಿಯವರೆಗೆ ಇವತ್ತಿನ ದಿನ ದಾಟಬೇಕಲ್ಲ? ಕುಗ್ಗಿದ ಮನಸ್ಸಿನವರು ಮೊದಲು ಬಿಡುವುದು ಸಣ್ಣ ಸಣ್ಣ ಕೆಲಸಗಳನ್ನು. ತಲೆ ಬಾಚುವುದು ತಪ್ಪುತ್ತದೆ, ಜಾತ್ರೆಗೆ ಹೋಗುವುದು ನಿಲ್ಲುತ್ತದೆ, ಯಾರಾದರೂ ಕರೆದರೆ ತಲೆನೋವಿನ ನೆಪ ಬರುತ್ತದೆ. ಹೊರಗೆ ಹೋಗದ್ದಕ್ಕೆ ಮನಸ್ಸು ಇನ್ನೂ ಕುಗ್ಗುತ್ತದೆ, ಕುಗ್ಗಿದ್ದಕ್ಕೆ ಹೊರಗೆ ಹೋಗಲಾಗುವುದಿಲ್ಲ. ‘ಮನಸ್ಸು ಸರಿಹೋದ ಮೇಲೆ ಹೋಗ್ತೀನಿ ಮೇಡಂ’ ಎನ್ನುವವರಿಗೆ ನಾನು ಹೇಳುವುದು ಹಿಂದುಮುಂದು: ಮೊದಲು ಹೋಗಿ, ಮನಸ್ಸು ಹಿಂದಿನಿಂದ ಬರುತ್ತೆ.

ಇದು ಬರೀ ಧೈರ್ಯದ ಮಾತಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು, ವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು ಈ ಒಂದೇ ತತ್ತ್ವದ ಮೇಲೆ ಆರೆಂಟು ಭೇಟಿಗಳ ಚಿಕಿತ್ಸೆ ಕೊಡಿಸಿದರು. ತೀವ್ರ ಖಿನ್ನತೆಯಲ್ಲಿದ್ದವರಿಗೂ ಅದರಿಂದ ಗುಣ ಕಂಡಿತು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಆ ಫಲಿತಾಂಶವನ್ನು ಪ್ರಕಟಿಸಿತು. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಿಂದ ಅಜ್ಜಿಯರಿಗೆ ತರಬೇತಿ ಕೊಟ್ಟು, ಬಂದವರ ಕಷ್ಟ ಕೇಳಲು ಆಸ್ಪತ್ರೆಯ ಆವರಣದ ಬೆಂಚಿನ ಮೇಲೆ ಕೂರಿಸಿದ್ದಾರೆ. ನಮ್ಮ ಪಕ್ಕದಲ್ಲೂ ಉದಾಹರಣೆ ಇದೆ. ಸರ್ಜಾಪುರದ ಬಳಿಯ ಮುಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2002ರಲ್ಲಿ ಶುರು ಮಾಡಿದ ‘ಮಾನಸಿ’ಯಲ್ಲಿ ಹಳ್ಳಿಯ ಹೆಂಗಸರೇ ಮನೆಮನೆಗೆ ಹೋಗಿ ವಿಚಾರಿಸಿಕೊಳ್ಳುತ್ತಾರೆ.

ವಕ್ಕಲೇರಿಯ ಕಡೆ ಹೀಗೆ ಮತ್ತೆ ಹೊರಗೆ ಹೋಗಲು ಶುರು ಮಾಡುವುದಕ್ಕೆ ಹೇಳಿ ಮಾಡಿಸಿದ ಜಾಗ ಹಾಲಿನ ಡೇರಿ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹೆಂಗಸರು ಕ್ಯಾನು ಹಿಡಿದು ನಿಲ್ಲುತ್ತಾರೆ, ಫ್ಯಾಟು ನೋಡಿ ಚೀಟಿ ಕೊಡುವ ತನಕ ಹತ್ತು ನಿಮಿಷ ಬಿಡುವು. ನಾನು ಹೇಳಿದ ಸೊಸೆ ಆರು ತಿಂಗಳಿಂದ ಮಗನ ಕೈಯಲ್ಲಿ ಹಾಲು ಕಳಿಸುತ್ತಿದ್ದರು. ‘ಸಾಲದೋರು ಬಂದಿದ್ದು ಎಲ್ಲರಿಗೂ ಗೊತ್ತು, ಯಾವ ಮುಖ ಇಟ್ಕೊಂಡು ಹೋಗ್ಲಿ?’ ಮೊದಲ ವಾರ ಸಂಜೆ ಹೊತ್ತು ಮಾತ್ರ ತಾವೇ ಹೋಗುವುದು, ಯಾರ ಹತ್ತಿರವೂ ಮಾತಾಡಲೇಬೇಕೆಂದಿಲ್ಲ ಎಂದು ಗೊತ್ತುಮಾಡಿಕೊಂಡೆವು. ಎರಡನೆಯ ವಾರ ಒಬ್ಬರ ಹತ್ತಿರ ಮಾತು. ಅವರು ಆಯ್ದುಕೊಂಡದ್ದು ತಮ್ಮ ಹಾಗೇ ಕಂತು ಕಟ್ಟಲಾರದೆ ಒದ್ದಾಡುತ್ತಿದ್ದ ಪಕ್ಕದ ಬೀದಿಯವರನ್ನು.

ಸಾಲದ ಕಷ್ಟವನ್ನು ಬರೀ ಮನಸ್ಸಿನ ಕಾಯಿಲೆಯಾಗಿ ನೋಡುವುದು ಅನ್ಯಾಯ. ಕಂತು ವಸೂಲಿಗೆ ಮನೆ ಮುಂದೆ ಬಂದು ಕೂರುವುದು, ಮರ್ಯಾದೆ ತೆಗೆಯುವುದನ್ನು ತಡೆಯಲೆಂದೇ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿತ್ತು. ಉಸಿರಾಟದ ಅಭ್ಯಾಸ ಹೇಳಿಕೊಡುವ ಸಮಾಲೋಚಕರಿಗೆ ಇಂಥ ಕಾನೂನಿನ ವಿಷಯವೂ ಗೊತ್ತಿರಬೇಕು. ಎದೆ ಡವಡವ ಅನ್ನುವುದರಲ್ಲಿ ಅರ್ಧ ಭಾಗ ಬಾಗಿಲ ಮುಂದೆ ಕೂತವರದ್ದೇ ಇರಬಹುದು.

ಒಟ್ಟಿಗೆ ಕೂರಿಸಬಾರದ ಹೊತ್ತು

ಎಲ್ಲ ಮನೆಗೂ ಇದೇ ದಾರಿಯಲ್ಲ. ಹೊಡೆತ ಬಡಿತ ಇರುವಲ್ಲಿ ಗಂಡ ಹೆಂಡತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ‘ಬಿಚ್ಚಿ ಮಾತಾಡಿ’ ಎನ್ನುವುದು ಅಪಾಯ. ಇಲ್ಲಿ ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಏಟು ಬೀಳುತ್ತದೆ. ತೀರ್ಪು ಹೇಳುವುದಿಲ್ಲ ಎಂಬ ನಮ್ಮ ನಿಯಮ ಅಲ್ಲಿಗೆ ಮುಗಿಯಿತು. ಹೊಡೆಯುವುದು ಹೊಡೆಯುವವನ ತಪ್ಪು, ಅದರಲ್ಲಿ ಇಬ್ಬರ ಪಾಲು ಹುಡುಕುವಂತಿಲ್ಲ. ಆಗ ಮೊದಲು ಆಕೆಯ ಸುರಕ್ಷತೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 181 ಸಹಾಯವಾಣಿ, ಆಮೇಲೆ ಉಳಿದ ಮಾತು.

ಇನ್ನೊಂದು, ಸಾಯುವ ಯೋಚನೆ. ‘ಯಾಕಾದ್ರೂ ಬದುಕಿದೀನೋ’ ಎಂಬ ಮಾತು ಬಂದಾಗ ‘ಛೆ, ಹಂಗೆಲ್ಲ ಅನ್ಬಾರದು’ ಎಂದು ಬಾಯಿ ಮುಚ್ಚಿಸಿದರೆ ಆ ಯೋಚನೆ ಹೋಗುವುದಿಲ್ಲ, ಹೇಳುವುದು ನಿಲ್ಲುತ್ತದೆ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟದ ಔಷಧಿ ಮನೆಯಲ್ಲಿದ್ದರೆ ಅವತ್ತೇ ಹೊರಗೆ ಹೋಗಲಿ, ಬೇರೆಯವರ ಸುಪರ್ದಿಗೆ, ಬೀಗದೊಳಕ್ಕೆ. ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಹೋದ ಶ್ರೀಲಂಕಾದಲ್ಲಿ 1990ರ ದಶಕದ ನಡುವಿನಿಂದೀಚೆಗೆ ಆತ್ಮಹತ್ಯೆಗಳು ಗಣನೀಯವಾಗಿ ಇಳಿದಿವೆ. ಆ ಗಳಿಗೆ ಕಳೆದುಹೋದರೆ ಬಹಳಷ್ಟು ಜನ ಬದುಕನ್ನೇ ಆರಿಸಿಕೊಳ್ಳುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸಾಗುತ್ತದೆಂದು ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರು ಈಗಲೂ ಇದ್ದಾರೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಹಾಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಅವರಿಗೆ ಆರೈಕೆ ಸಿಗಬೇಕು ಎನ್ನುತ್ತದೆ.

ಬಸ್ ಹತ್ತಲು ಒಂದು ನೆಪ

ಬೆಂಗಳೂರು ಇಲ್ಲಿಂದ ದೂರವೇನಲ್ಲ. ಆದರೆ ‘ನಿಮ್ಹಾನ್ಸ್‌ಗೆ ಹೋಗಿದ್ರಂತೆ’ ಎಂಬ ಮಾತು ಮಗಳ ಮದುವೆಗೆ ಅಡ್ಡ ಬರುತ್ತದೆ ಎಂಬ ಹೆದರಿಕೆ ದೊಡ್ಡದು. ಬಿಪಿ ತೋರಿಸುವ ನೆಪದಲ್ಲಿ ಬರುವವರೇ ಹೆಚ್ಚು. ಆ ನೆಪವನ್ನು ನಾನು ಗೌರವಿಸುತ್ತೇನೆ. ಮುರುಗಮಲ್ಲದ ದರ್ಗಾಕ್ಕೂ ಹೋಗಿ, ತಾಯತವನ್ನೂ ಕಟ್ಟಿಸಿಕೊಂಡು ಬರುವವರನ್ನೂ ಗದರಿಸುವುದಿಲ್ಲ. ಕರಾವಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಜನ ಮಂತ್ರವಾದಿಯ ಹತ್ತಿರವೂ ಡಾಕ್ಟರ ಹತ್ತಿರವೂ ಹೋಗುತ್ತಿದ್ದುದು ಕಂಡಿತ್ತು. ಮಾತ್ರೆ ನಿಲ್ಲಿಸದಿದ್ದರೆ ಹರಕೆಯಿಂದ ತೊಂದರೆಯೇನಿಲ್ಲ.

ಹಳ್ಳಿಗೇ ಚಿಕಿತ್ಸೆ ಬರಬೇಕೆಂಬ ಯೋಚನೆಗೆ ಕರ್ನಾಟಕವೂ ಒಂದು ತವರು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದಲ್ಲೇ ಗ್ರಾಮೀಣ ಕೇಂದ್ರ ತೆರೆಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಮುನ್ನ ಪ್ರಾಯೋಗಿಕವಾಗಿ ಮನೆಮನೆ ಸುತ್ತಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಆ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಂಖ್ಯೆ 14416. ದುಡ್ಡು ಬೇಕಿಲ್ಲ, ಹೆಸರು ಹೇಳಬೇಕೆಂದಿಲ್ಲ, ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಾದರೂ ಸರಿ. ಮೂರು ಗಂಟೆಗೆ ಎಚ್ಚರವಾಗಿ ಕೂರುವವರಿಗೆ ಈ ಕೊನೆಯ ಮಾತು ಮುಖ್ಯ.

ಆ ಮೂವರ ಮನೆಯಲ್ಲಿ ಏನಾಯಿತು? ಸಾಲ ತೀರಿಲ್ಲ. ಟೊಮೆಟೊ ದರ ಯಾರ ಮಾತನ್ನೂ ಕೇಳುವುದಿಲ್ಲ. ಅವರು ಒಪ್ಪಿಕೊಂಡದ್ದು ಮೂರೇ ವಿಷಯ: ಮಂಡಿಯಿಂದ ಹೊರಡುವ ಮುಂಚೆ ರೇಟು ಎಷ್ಟಾಯಿತೆಂದು ಫೋನಿನಲ್ಲಿ ಹೇಳುವುದು, ಊಟ ಮುಗಿಯುವ ತನಕ ಕಂತಿನ ಮಾತು ಎತ್ತದಿರುವುದು, ಊಟವಾದ ಮೇಲೆ ಅವನು ಗಾಡಿ ತೆಗೆಯದೆ ಕೂತು ಮಾತಾಡುವುದು. ಮೂರರಲ್ಲಿ ಎರಡು ನಡೆಯುತ್ತಿವೆ. ಜಗಳ ಈಗಲೂ ಆಗುತ್ತದೆ, ಆದರೆ ನಡುರಾತ್ರಿಯವರೆಗೆ ಎಳೆಯುವುದಿಲ್ಲ. ಆಕೆಗೆ ಬೆಳಗಿನ ಐದರ ತನಕ ನಿದ್ದೆ ಬರುತ್ತಿದೆ. ಸೊಸೆಗೆ ಬಾಯಿ ಜಾಸ್ತಿಯಾಯಿತು ಎಂಬುದು ಅತ್ತೆಯ ದೂರು. ಆ ದೂರನ್ನೂ ಕೂತು ಕೇಳಬೇಕು, ಅವರ ಹತ್ತಿರವೂ ಇಷ್ಟು ವರ್ಷ ಯಾರೂ ಏನೂ ಕೇಳಿರಲಿಲ್ಲ.

ಇಷ್ಟನ್ನು ಮಾಡಲು ಎಲ್ಲ ಮನೆಗೂ ಸಮಾಲೋಚಕರೇ ಬೇಕೆಂದಿಲ್ಲ. ನಿಮ್ಮ ತಂಗಿಯೋ ಗೆಳೆಯನೋ ಮನೆಯ ಕಷ್ಟ ಹೇಳಲು ಬಂದಾಗ ತಪ್ಪು ಯಾರದೆಂದು ಕೇಳುವ ಮುಂಚೆ, ಮೊನ್ನೆ ಸಾಯಂಕಾಲ ಏನಾಯಿತೆಂದು ಕೇಳಿ. ಪೂರ್ತಿ ಹೇಳಿ ಮುಗಿಸಲು ಬಿಡಿ. ಬುದ್ಧಿ ಹೇಳಲು ಊರು ತುಂಬ ಜನ ಇದ್ದಾರೆ, ಅವರ ಸರದಿ ಹೇಗೂ ಬರುತ್ತದೆ.